ಏರಿಯ ಮೇಲೆ ನಾಗರಕಲ್ಲು, ಏರಿಯ ಕೆಳಗೆ ನೀರೊಳ್ಳೆ

ಹೊನ್ನಾಳಿ, ಚನ್ನಗಿರಿ ಕಡೆಯ ಹಳೆಯ ಕೆರೆಗಳ ಏರಿ ಹತ್ತಿದರೆ ಅರಳಿ ಅಥವಾ ಬೇವಿನ ಬುಡದಲ್ಲಿ ನಾಗರಕಲ್ಲು ಕಣ್ಣಿಗೆ ಬೀಳುವುದು ಸಾಮಾನ್ಯ. ಹೆಡೆ ಬಿಚ್ಚಿದ ಹಾವು, ಇಲ್ಲವೇ ಹೆಣೆದುಕೊಂಡ ಜೋಡಿ ಹಾವು. ಮೈಮೇಲೆ ಅರಿಸಿನ ಕುಂಕುಮ, ಶ್ರಾವಣದ ಪಂಚಮಿಗೆ ಹಾಲು. ಅದೇ ಏರಿಯ ಕೆಳಗೆ, ಕಲ್ಲುಕಟ್ಟಡದ ಸಂದಿಯಲ್ಲಿ, ತೂಬಿನ ಮುಂದಿನ ಮಡುವಿನಲ್ಲಿ, ಗದ್ದೆಯ ಬದುವಿನ ಏಡಿಬಿಲದಲ್ಲಿ ಬದುಕುವುದು ಮಾತ್ರ ಬೇರೊಂದು ಹಾವು. ಅದರ ಹೆಸರು ನೀರೊಳ್ಳೆ. ಅದಕ್ಕೆ ಕಲ್ಲಿಲ್ಲ, ಹಬ್ಬವಿಲ್ಲ, ಹರಕೆಯಿಲ್ಲ. ಕೆರೆಗೆ ನಿಜವಾದ ಒಕ್ಕಲು ಇದು; ಪೂಜೆ ಸಲ್ಲುವುದು ಹುತ್ತದ ಹಾವಿಗೆ. ಹೊನ್ನಾಳಿ ಕಡೆಯ ಸಾಸ್ವೆಹಳ್ಳಿಯ ಸುತ್ತಿನ ಈ ನೆಲದ ಚರಿತ್ರೆಯನ್ನು ದೊರೆಗಳ ಹೆಸರು ಹಿಡಿದು, ವೀರಗಲ್ಲು ಹಿಡಿದು ಬರೆದವರಿದ್ದಾರೆ. ನೀರೊಳ್ಳೆಯ ಬಾಲ ಹಿಡಿದೂ ಅದನ್ನು ಬರೆಯಬಹುದು ಎಂಬುದು ನನ್ನ ವಾದ. ಈ ಸೀಮೆಯಲ್ಲಿ ಅದು ಇಷ್ಟು ಸಾಮಾನ್ಯವಾಗಿರುವುದು ಕಾಡಿನ ಕೃಪೆಯಿಂದಲ್ಲ. ಕೆರೆ ಕಟ್ಟಿದವರು, ತೂಬು ಎತ್ತಿದ ನೀರಗಂಟಿಗಳು, ಗದ್ದೆಯಲ್ಲಿ ನೀರು ನಿಲ್ಲಿಸಿದ ರೈತರು ಸೇರಿ ತಮಗೆ ಅರಿವಿಲ್ಲದೆಯೇ ಸಾಕಿಕೊಂಡು ಬಂದ ಪ್ರಾಣಿ ಅದು. ಅದರ ಏಳುಬೀಳು ಈ ಸೀಮೆಯ ನೀರಿನ ಏಳುಬೀಳಿನ ಜೊತೆಗೇ ನಡೆದಿದೆ.

ವಾದಕ್ಕೆ ಮೊದಲು ಹಾವಿನ ಪರಿಚಯವಾಗಬೇಕು, ಏಕೆಂದರೆ ಇಲ್ಲಿ ದಾಖಲೆಗಿಂತ ಹೆಚ್ಚಾಗಿ ಸಾಕ್ಷಿ ಹೇಳುವುದು ಅದರ ದೇಹ. ನಮ್ಮ ನಿಘಂಟುಗಳಲ್ಲಿ ‘ಒಳ್ಳೆ’ ಎಂದರೆ ನೀರುಹಾವು. ಒಳ್ಳೆಯದು, ಕೆಟ್ಟದ್ದು ಎಂಬಲ್ಲಿನ ಮಾತಿಗೂ ಇದಕ್ಕೂ ಉಚ್ಚಾರ ಒಂದಾದ್ದರಿಂದ, ವಿಷವಿಲ್ಲದ್ದಕ್ಕೇ ಇದು ‘ಒಳ್ಳೆಯ ಹಾವು’ ಎಂದು ಅರ್ಥ ಹಚ್ಚುವವರುಂಟು. ಅರ್ಥ ಸುಳ್ಳಿರಬಹುದು, ಮಾತು ಸುಳ್ಳಲ್ಲ. ಇಂಗ್ಲಿಷಿನವರು ಇದರ ಬೆನ್ನು ನೋಡಿ ಹೆಸರಿಟ್ಟರು: ಬೆನ್ನಿನ ಒಂದೊಂದು ಹುರುಪೆಯ ನಡುವೆಯೂ ದೋಣಿಯ ಅಡಿಯ ದಿಂಡಿನಂತೆ ಸಣ್ಣ ಏಣು ಇರುವುದರಿಂದ ‘ಕೀಲ್‌ಬ್ಯಾಕ್’. ಶಾಸ್ತ್ರದ ಹೆಸರು ಕಸುಬು ನೋಡಿದೆ. ಈಸ್ಟ್ ಇಂಡಿಯಾ ಕಂಪನಿಯ ನಿಸರ್ಗಶಾಸ್ತ್ರಜ್ಞನಾಗಿದ್ದ ಪ್ಯಾಟ್ರಿಕ್ ರಸೆಲ್ ಕೋರಮಂಡಲ ಕರಾವಳಿಯ ಹಾವುಗಳ ಚಿತ್ರಗ್ರಂಥವನ್ನು 1796ರಲ್ಲಿ ಹೊರತಂದ. ಅದರ ಆಧಾರದ ಮೇಲೆ ಜರ್ಮನಿಯ ಷ್ನೈಡರ್ 1799ರಲ್ಲಿ ಈ ಹಾವಿಗೆ ‘ಪಿಸ್ಕೇಟರ್’ ಎಂದು ಹೆಸರು ಕೊಟ್ಟ. ಪಿಸ್ಕೇಟರ್ ಎಂದರೆ ಬೆಸ್ತ. ಮುಂದೆ ಕುಲದ ಹೆಸರು ಟ್ರೊಪಿಡೊನೋಟಸ್ ಆಯಿತು, ನೇಟ್ರಿಕ್ಸ್ ಆಯಿತು, ಕ್ಸೆನೊಕ್ರೋಫಿಸ್ ಆಯಿತು, 2018ರಿಂದ ಫೌಲಿಯಾ ಆಗಿದೆ. ಇನ್ನೂರಿಪ್ಪತ್ತು ವರ್ಷ ಕಳೆದರೂ ಬೆಸ್ತನೆಂಬ ಬಿರುದನ್ನು ಮಾತ್ರ ಯಾರೂ ಕಿತ್ತುಕೊಂಡಿಲ್ಲ. ಮೈಬಣ್ಣ ಹಳದಿ ಬೆರೆತ ಕಂದು ಅಥವಾ ಹಸಿರುಗಂದು, ಅದರ ಮೇಲೆ ಚೌಕಾಬಾರದ ಮನೆಗಳಂತೆ ಕಪ್ಪು ಚುಕ್ಕೆ. ಕಣ್ಣಿನಿಂದ ಬಾಯಿಯ ಕಡೆಗೆ ಓರೆಯಾಗಿ ಇಳಿಯುವ ಎರಡು ಕಪ್ಪು ಗೆರೆ. ಮೈನಡುವಿನಲ್ಲಿ 19 ಸಾಲು ಹುರುಪೆ. ಸಾಧಾರಣವಾಗಿ ಎರಡು ಮೂರು ಅಡಿ ಉದ್ದ, ಹೆಣ್ಣು ಗಂಡಿಗಿಂತ ದೊಡ್ಡದು, ದೊಡ್ಡ ಹೆಣ್ಣು ನಾಲ್ಕಡಿಯನ್ನೂ ಮುಟ್ಟುತ್ತದೆ. ಮೂಗಿನ ಹೊಳ್ಳೆಗಳು ತುಸು ಮೇಲ್ಮುಖ. ಮೈಯೆಲ್ಲ ನೀರಿನಲ್ಲಿಟ್ಟು ಮೂಗಷ್ಟನ್ನೇ ಹೊರಗಿಟ್ಟು ಕಾಯಲು ಅನುಕೂಲ. ಹಗಲೂ ಬೇಟೆಯಾಡುತ್ತದೆ, ರಾತ್ರಿಯೂ ಆಡುತ್ತದೆ. ಆಹಾರ ಮುಖ್ಯವಾಗಿ ಮೀನು ಮತ್ತು ಕಪ್ಪೆ. ಮರಿಗಳಿಗೆ ಗೊದಮೊಟ್ಟೆ ಮತ್ತು ಪುಟ್ಟ ಕಪ್ಪೆ.

ಈ ವಿವರಗಳಲ್ಲಿ ಚರಿತ್ರೆಗೆ ಬೇಕಾದುವು ಎರಡು. ಒಂದು, ಮೊಟ್ಟೆಯ ಲೆಕ್ಕ. ನಾಗರಹಾವು ಹತ್ತಿಪ್ಪತ್ತು ಮೊಟ್ಟೆ ಇಡುವಲ್ಲಿ ನೀರೊಳ್ಳೆ ಸಾಮಾನ್ಯವಾಗಿ 30ರಿಂದ 70, ಕೆಲವೊಮ್ಮೆ ಅದಕ್ಕೂ ಹೆಚ್ಚು ಇಡುತ್ತದೆ. ಇಷ್ಟು ಮೊಟ್ಟೆ ಇಡುವ ಪ್ರಾಣಿ ಅನುಕೂಲದ ನೆಲೆ ಸಿಕ್ಕಿದ ಕೆಲವೇ ವರ್ಷಗಳಲ್ಲಿ ತುಂಬಿಕೊಳ್ಳಬಲ್ಲದು. ಎರಡು, ಅದಕ್ಕೆ ಒಗ್ಗುವ ನೀರಿನ ಬಗೆ. ಬಂಡೆಗಳ ನಡುವೆ ಭೋರ್ಗರೆಯುವ ಹೊಳೆ ಅದಕ್ಕೆ ಹಿಡಿಸದು. ನಿಂತ ನೀರು ಬೇಕು, ಆಳ ಕಡಿಮೆಯಿರಬೇಕು, ಅಂಚಿನಲ್ಲಿ ಜೊಂಡು ಹುಲ್ಲು ಇರಬೇಕು, ಮೊಟ್ಟೆಗೆ ನೀರು ನುಗ್ಗದ ಮಣ್ಣಿನ ದಡ ಪಕ್ಕದಲ್ಲೇ ಬೇಕು. ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮೂಡುವ ಚಿತ್ರ ಕೆರೆಯದು: ಹಿನ್ನೀರಿನ ಜೊಂಡು, ಮಣ್ಣಿನ ಏರಿ, ಕೆಳಗೆ ಕೆಸರುಗದ್ದೆ. ನೀರೊಳ್ಳೆಗಾಗಿಯೇ ಮನೆ ಕಟ್ಟಲು ಯಾರಾದರೂ ಹೊರಟಿದ್ದರೂ ಇದಕ್ಕಿಂತ ಚೆನ್ನಾಗಿ ಕಟ್ಟಲಾರರು.

ಇಂಥ ಮನೆಗಳು ಈ ಕಡೆ ಎಷ್ಟಿದ್ದವು? ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ, ಸಂಸ್ಥಾನದ 27,269 ಚದರ ಮೈಲಿಯಲ್ಲಿ ಹತ್ತಿರಹತ್ತಿರ ನೂರಕ್ಕೆ 60 ಭಾಗವನ್ನು ಜನ ತಾಳ್ಮೆಯಿಂದ ಕೆರೆಗಳ ವ್ಯವಸ್ಥೆಗೆ ಒಳಪಡಿಸಿದ್ದಾರೆ ಎಂದು ಅಂದಾಜು ಮಾಡಿದ್ದ. ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬುದು ಅವನ ಅಭಿಪ್ರಾಯ. ಚನ್ನಗಿರಿ, ಹೊನ್ನಾಳಿ ಆಗ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. 1997ರಲ್ಲಷ್ಟೇ ದಾವಣಗೆರೆಗೆ ಬಂದವು. ಈ ಸೀಮೆಯ ದೊಡ್ಡ ಸಾಕ್ಷಿ ಸೂಳೆಕೆರೆ, ಈಗಿನ ಶಾಂತಿಸಾಗರ. ಹನ್ನೊಂದು ಹನ್ನೆರಡನೆಯ ಶತಮಾನದ್ದೆಂದು ಹೇಳುವ ಈ ಕೆರೆಗೆ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಏರಿ ಹಾಕಿ ಹರಿದ್ರಾ ಹಳ್ಳವನ್ನು ತಡೆದಿದ್ದಾರೆ. ನೀರು ಹರಡುವುದು ಸುಮಾರು 6,500 ಎಕರೆಯಲ್ಲಿ. ಸಿದ್ಧ ಮತ್ತು ಬಸವ ಎಂಬ ಎರಡು ನಾಲೆಗಳಲ್ಲಿ ನೀರು ಹೊರಟು ಅಚ್ಚುಕಟ್ಟಿಗೆ ಹೋಗುತ್ತದೆ. ಉಳಿದ ಹರಿದ್ರಾ ಹರಿಹರದ ಬಳಿ ತುಂಗಭದ್ರೆಗೆ ಸೇರುತ್ತದೆ. ಕೆರೆ ಕಟ್ಟಿಸಿದ ಶಾಂತವ್ವನ ಕಥೆ, ಅದರಲ್ಲಿ ಮುಳುಗಿದ ಸ್ವರ್ಗಾವತಿ ಪಟ್ಟಣದ ಕಥೆ ಈ ಕಡೆ ಎಲ್ಲರಿಗೂ ಗೊತ್ತು. ಕಥೆಯಲ್ಲಿ ಮುಳುಗಿದ ಪಟ್ಟಣವಿದೆ, ತ್ಯಾಗ ಮಾಡಿದ ಹೆಣ್ಣಿದ್ದಾಳೆ. ಎಂಟುನೂರು ವರ್ಷ ಆ ಜೊಂಡಿನಲ್ಲಿ ಸಂಸಾರ ಮಾಡಿದ ಜೀವಗಳಿಲ್ಲ. ಕಥೆಗಳು ಕಟ್ಟಿದವರನ್ನು ನೆನೆಯುತ್ತವೆ, ಬಂದು ಸೇರಿಕೊಂಡವರನ್ನಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ನೀರೊಳ್ಳೆ ಕೆರೆಗಿಂತ ಹಳೆಯದು. ಮನುಷ್ಯ ಗುದ್ದಲಿ ಹಿಡಿಯುವ ಮೊದಲೇ ತುಂಗೆ ಭದ್ರೆಗಳಿದ್ದವು, ಕೂಡ್ಲಿಯಲ್ಲಿ ಸೇರಿ ಸಾಸ್ವೆಹಳ್ಳಿ, ಹೊನ್ನಾಳಿಗಳ ಮಗ್ಗುಲಲ್ಲಿ ಹರಿಯುತ್ತಿದ್ದವು, ಹಾವು ಅಲ್ಲೇ ಇದ್ದಿರಬೇಕು, ಅದನ್ನು ನಾವು ಸಾಕಿದೆವೆನ್ನುವುದು ಹೆಮ್ಮೆಯ ಮಾತಲ್ಲವೇ? ಆಕ್ಷೇಪದ ಅರ್ಧ ಸರಿ. ಹಾವನ್ನು ನಾವು ತಂದವರಲ್ಲ. ಹೊಳೆಯ ಮಡುಗಳಲ್ಲಿ, ನೆರೆ ಇಳಿದ ಮೇಲೆ ಉಳಿಯುವ ಹೊಂಡಗಳಲ್ಲಿ ಅದು ಇದ್ದಿರಲೇಬೇಕು. ಆದರೆ ಕಟ್ಟೆಯಿಲ್ಲದ ಕಾಲದ ತುಂಗಭದ್ರೆ ಮಳೆಗಾಲದಲ್ಲಿ ಎರಡೂ ದಡ ಕೊರೆದು ಹರಿದು ಬೇಸಿಗೆಯಲ್ಲಿ ಬಂಡೆ ಮರಳು ತೋರಿಸುವ ಹೊಳೆ. ಅಂಥ ಹೊಳೆ ಈ ಹಾವಿಗೆ ಕೊಡುವುದು ಒಂದು ಸಣ್ಣ ಪಟ್ಟಿ, ಅದೂ ವರ್ಷದ ಕೆಲವು ತಿಂಗಳು. ಹೊಳೆಯಿಂದ ಹತ್ತು ಮೈಲಿ ಆಚೆ, ಎರೆನೆಲ ಕೆಂಪುನೆಲಗಳ ಎತ್ತರದಲ್ಲಿ ನಿಂತ ನೀರು ಎಲ್ಲಿತ್ತು? ಊರಿನ ಹೆಸರಲ್ಲೇ ಸಾಸಿವೆ ಇದೆ, ಭತ್ತವಿಲ್ಲ ಎಂದು ಯಾರಾದರೂ ತಮಾಷೆ ಮಾಡಬಹುದು. ಊರ ಹೆಸರಿನ ಮೇಲೆ ಚರಿತ್ರೆ ಕಟ್ಟುವ ಚಪಲ ನನಗಿಲ್ಲ. ಆದರೂ ಮಳೆಯಾಸರೆಯ ಹೊಲಗಳ ನಡುವೆ ಒಂದೊಂದು ಹಳ್ಳಕ್ಕೂ ಸರಪಳಿಯಂತೆ ಕೆರೆ ಕಟ್ಟಿ, ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಬೀಳುವಂತೆ ಮಾಡಿದಾಗ ಹೊಳೆಯ ಅಂಚಿನ ಪ್ರಾಣಿಗೆ ಒಳನಾಡಿನ ದಾರಿ ತೆರೆಯಿತು ಎಂಬುದು ಊಹೆಯಾದರೂ ಬಲವಾದ ಊಹೆ. ಕೋಡಿಹಳ್ಳ ಹಾವಿಗೆ ಹೆದ್ದಾರಿ, ಕೆರೆ ಅದರ ತಂಗುದಾಣ.

ಎರಡನೆಯ ಆಕ್ಷೇಪ ಇತಿಹಾಸಕಾರರದು. ಶಾಸನದಲ್ಲಿ ಎಲ್ಲಿದೆ ನಿಮ್ಮ ಹಾವು? 1902ರ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿಯ ಶಾಸನಗಳಿವೆ. ಕರ್ನಾಟಕದ ಶಾಸನಗಳು ಕೆರೆ ಕಟ್ಟಿಸಿದ್ದನ್ನು, ತೂಬು ಇಡಿಸಿದ್ದನ್ನು, ಕೆರೆಯ ದುರಸ್ತಿಗೆ ಬಿತ್ತುವಟ್ಟ ಬಿಟ್ಟದ್ದನ್ನು ಬಿಡದೆ ಹೇಳುತ್ತವೆ. ನೀರೊಳ್ಳೆಯನ್ನು ಹೆಸರಿಸಲು ಅವಕ್ಕೆ ಕಾರಣವೇ ಇಲ್ಲ. ತೆರಿಗೆ ಕೊಡದ, ದಾನ ಪಡೆಯದ ಪ್ರಾಣಿ ದಾಖಲೆಗೆ ಬರುವುದಿಲ್ಲ. ಹಾವುಗಳು ದಾನಪತ್ರಗಳಲ್ಲಿ ಬರುವುದು ಶಾಪವಾಗಿ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ನೀರಿಲ್ಲದ ವಿಂಧ್ಯದ ಕಾಡಿನಲ್ಲಿ, ಒಣಮರದ ಪೊಟರೆಯಲ್ಲಿ ಕಾಳಸರ್ಪವಾಗಿ ಹುಟ್ಟುತ್ತಾನೆ ಎಂದು ಹಳೆಯ ತಾಮ್ರಪಟಗಳ ಒಂದು ಹೆಸರಾಂತ ಶ್ಲೋಕ ಬೆದರಿಸುತ್ತದೆ. ಇದನ್ನು ಬರೆಸಿದವರ ಕಣ್ಣು ಎಷ್ಟು ಚೊಕ್ಕ ನೋಡಿ: ಕೆಟ್ಟ ಹಾವಿಗೆ ಅವರು ಕೊಟ್ಟ ನೆಲೆ ನೀರಿಲ್ಲದ್ದು. ನೀರಿರುವ ಕಡೆಯ ಹಾವು ಶಾಪಕ್ಕೂ ಒದಗಲಿಲ್ಲ. ಸಂಸ್ಕೃತದ ಕೋಶಕಾರರು ಇದನ್ನು ಮರೆತಿರಲಿಲ್ಲ; ಅಮರಕೋಶದಲ್ಲಿ ನೀರುಹಾವಿಗೆ ಅಲಗರ್ದ ಎಂಬ ಪ್ರತ್ಯೇಕ ಹೆಸರಿದೆ, ವಿಷವಿಲ್ಲದ ಡುಂಡುಭವೂ ಅಲ್ಲೇ ಪಕ್ಕದಲ್ಲಿದೆ. ಮಹಾಭಾರತದ ಆದಿಪರ್ವದಲ್ಲಿ ತಾನು ಮದುವೆಯಾಗಬೇಕಿದ್ದ ಪ್ರಮದ್ವರೆಯನ್ನು ಹಾವು ಕಚ್ಚಿದ ಸಿಟ್ಟಿಗೆ ರುರು ಕಂಡ ಹಾವನ್ನೆಲ್ಲ ಹೊಡೆಯುತ್ತ ಹೋಗುತ್ತಾನೆ; ಒಂದು ದಿನ ಮುದಿ ಡುಂಡುಭವೊಂದು ಅವನ ದೊಣ್ಣೆಗೆ ಸಿಕ್ಕಿ, ತಾನು ಏನು ತಪ್ಪು ಮಾಡಿದೆ ಎಂದು ಕೇಳುತ್ತದೆ. ಹಿಂದೆ ಅದು ಋಷಿಯಾಗಿತ್ತು. ಹುಲ್ಲಿನಲ್ಲಿ ಹಾವು ಮಾಡಿ ಗೆಳೆಯನನ್ನು ಹೆದರಿಸಿದ್ದಕ್ಕೆ, ಹುಲ್ಲುಹಾವಿನಷ್ಟೇ ಶಕ್ತಿಯಿಲ್ಲದ ಹಾವಾಗು ಎಂಬ ಶಾಪ ಪಡೆದಿತ್ತು. ಬರಿಯ ಹೆದರಿಕೆಯನ್ನಷ್ಟೇ ಉಳಿಸಿಕೊಂಡ ಹಾವು. ನೀರೊಳ್ಳೆಯ ಸ್ವಭಾವಕ್ಕೆ ಇದಕ್ಕಿಂತ ಒಪ್ಪುವ ಮಾತು ನನಗೆ ಬೇರೆ ಗ್ರಂಥಗಳಲ್ಲಿ ಸಿಕ್ಕಿಲ್ಲ.

ಏಕೆಂದರೆ ಅದರ ರಕ್ಷಣೆಯೆಲ್ಲ ನಟನೆಯದು. ಇಕ್ಕಟ್ಟಿಗೆ ಸಿಕ್ಕರೆ ನೀರೊಳ್ಳೆ ತಲೆ ಎತ್ತಿ ಕತ್ತನ್ನು ಅಗಲ ಮಾಡುತ್ತದೆ; ದೂರದಿಂದ ಅದು ಹೆಡೆಯಂತೆಯೇ ಕಾಣುತ್ತದೆ. ಬುಸುಗುಟ್ಟುತ್ತದೆ, ನುಗ್ಗಿ ಕಚ್ಚುತ್ತದೆ. ಹಲ್ಲು ಚೂಪು, ರಕ್ತ ಬರುತ್ತದೆ, ಮನುಷ್ಯನಿಗೆ ವಿಷವೇರುವುದಿಲ್ಲ. ಬಾಲ ಹಿಡಿದರೆ ಮೈ ತಿರುಚಿ ತಿರುಚಿ ಬಾಲವನ್ನೇ ಕಡಿದುಕೊಂಡು ಹೋಗುವುದೂ ಉಂಟು. ಹಲ್ಲಿಯ ಬಾಲದಂತೆ ಅದು ಮತ್ತೆ ಬೆಳೆಯದು. ಕಾಗೆ, ಕೊಕ್ಕರೆ, ಮುಂಗುಸಿಯ ಮುಂದೆ ಈ ನಾಟಕ ನಡೆಯುತ್ತದೇನೋ. ಮನುಷ್ಯನ ಮುಂದೆ ಅದೇ ಮುಳುವಾಯಿತು. ಹೆಡೆ ಬಿಚ್ಚಿದ ಕಲ್ಲಿಗೆ ಕೈಮುಗಿದು ಬಂದ ಕೈಗಳೇ ಹೆಡೆಯ ಹಾಗೆ ಕಂಡದ್ದಕ್ಕೆ ದೊಣ್ಣೆ ಎತ್ತುತ್ತವೆ. ನಾಗರಹಾವನ್ನು ಹೊಡೆದರೆ ದೋಷ, ಹೊಡೆದವನು ಶಾಂತಿ ಮಾಡಿಸಬೇಕು. ಆ ಭಯ ಹುತ್ತದ ಹಾವಿಗೆ ಒಂದಿಷ್ಟು ಕಾವಲಾಗಿದೆ. ನೀರೊಳ್ಳೆಯನ್ನು ಹೊಡೆದರೆ ಯಾವ ದೋಷವೂ ಇಲ್ಲ. ನಾಗಾರಾಧನೆ ಹಾವುಗಳನ್ನೆಲ್ಲ ಉಳಿಸಿತೆಂದು ಅಭಿಮಾನದಿಂದ ಹೇಳುವವರಿಗೆ ಈ ಹಾವು ಒಂದು ಸಣ್ಣ ತಡೆ: ಅದು ಪೂಜೆಯಿಂದ ಉಳಿಯಲಿಲ್ಲ, ಮೊಟ್ಟೆಯಿಂದ ಉಳಿಯಿತು.

ಕೆರೆಗಳ ಕಾಲದ ನಂತರ ಈ ಸೀಮೆಯ ನೀರಿನಲ್ಲಿ ಆದ ದೊಡ್ಡ ಬದಲಾವಣೆ ಭದ್ರಾ ನಾಲೆ. ಲಕ್ಕವಳ್ಳಿಯಲ್ಲಿ 1947ರಲ್ಲಿ ಶುರುವಾದ ಕೆಲಸ 1960ರ ದಶಕದಲ್ಲಿ ಮುಗಿಯಿತು, ಅಣೆಕಟ್ಟಿನಲ್ಲಿ 71.5 ಟಿಎಂಸಿ ನೀರು ನಿಂತಿತು. ನೂರು ಕಿಲೋಮೀಟರಿಗೂ ಉದ್ದದ ಬಲದಂಡೆ ನಾಲೆ ಚನ್ನಗಿರಿಯನ್ನು ಹಾದು, ದಾವಣಗೆರೆ ಮತ್ತು ಮಲೇಬೆನ್ನೂರಿನ ಶಾಖಾನಾಲೆಗಳಾಗಿ ಕವಲೊಡೆಯಿತು. ಕೆರೆ ಕೊಟ್ಟದ್ದು ಒಂದು ಬೆಳೆ, ಅದೂ ಮಳೆ ಬಂದ ವರ್ಷ. ನಾಲೆ ಕೊಟ್ಟದ್ದು ಬೇಸಿಗೆಯ ಭತ್ತ. ಹೊಟ್ಟೆಗೆ ಇದರ ಲಾಭವೆಷ್ಟೆಂದು ದಾವಣಗೆರೆಯ ಅಕ್ಕಿಗಿರಣಿಗಳು ಹೇಳುತ್ತವೆ. ಕಪ್ಪೆಗಳಿಗೆ ಇದರಿಂದ ಎಂಥ ಲಾಭವಾಯಿತೆಂದು ಯೋಚಿಸಿದವರು ಕಡಿಮೆ. ಹಿಂದೆ ಫೆಬ್ರವರಿಯ ಹೊತ್ತಿಗೆ ಬಿರುಕುಬಿಡುತ್ತಿದ್ದ ಗದ್ದೆಯಲ್ಲಿ ಈಗ ಮಾರ್ಚಿ ಏಪ್ರಿಲಿನಲ್ಲೂ ಗೇಣುದ್ದ ನೀರು. ಬೇಸಿಗೆಯಲ್ಲಿ ಬಿಲ ಸೇರಿ ಕಾಯಬೇಕಿದ್ದ ಜೀವಗಳ ವರ್ಷ ಉದ್ದವಾಯಿತು. ನೀರೊಳ್ಳೆಗೂ ನಮ್ಮ ವ್ಯವಸಾಯಕ್ಕೂ ಇರುವ ನಂಟು ಇಲ್ಲಿ ಅತಿ ಸ್ಪಷ್ಟ, ಏಕೆಂದರೆ ಇಲ್ಲಿ ಮಳೆ ಬದಲಾಗಲಿಲ್ಲ, ಕಾಡು ಬದಲಾಗಲಿಲ್ಲ. ಬದಲಾದದ್ದು ನೀರು ಬಿಡುವ ತಾರೀಖು. ಈ ಹಾವೂ ಅದರ ಹತ್ತಿರದ ಬಂಧುಗಳೂ ಪಾಕಿಸ್ತಾನದಿಂದ ಆಗ್ನೇಯ ಏಷ್ಯಾದವರೆಗೆ, ಶ್ರೀಲಂಕಾದವರೆಗೆ ಹರಡಿರುವ ನಕ್ಷೆಯನ್ನು ಭತ್ತದ ನಕ್ಷೆಯ ಮೇಲಿಟ್ಟರೆ ಎರಡೂ ಬಹುಮಟ್ಟಿಗೆ ಒಂದರ ಮೇಲೊಂದು ಕೂರುತ್ತವೆ. ಎರಡಕ್ಕೂ ಮುಂಗಾರೇ ತಾಯಿ, ಆದ್ದರಿಂದ ಹೋಲಿಕೆ ಸಹಜ ಎನ್ನಬಹುದು. ಬೇಸಿಗೆ ಭತ್ತದಲ್ಲಿ ಮುಂಗಾರಿಲ್ಲ; ಆ ಉತ್ತರ ಅಲ್ಲಿಗೆ ಸಾಲದು.

ಮೀನುಗಾರರ ದೂರು ಬೇರೆ. ಹೆಸರಲ್ಲೇ ಬೆಸ್ತ, ಹರಾಜಿನಲ್ಲಿ ಕೆರೆ ಹಿಡಿದು ಕಾಟ್ಲಾ, ರೋಹು ಮರಿ ಬಿಟ್ಟವನಿಗೆ ಅದು ಪಾಲುದಾರನಾಗಿ ಕಂಡರೆ ತಪ್ಪೇನು? ಮರಿಮೀನು ಬಿಟ್ಟ ಮೊದಲ ವಾರಗಳಲ್ಲಿ ನಷ್ಟವಿದೆ, ಅದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆ. ಆದರೆ ನೀರೊಳ್ಳೆ ತನ್ನ ತಲೆಗೆ ತಕ್ಕ ಮೀನನ್ನಷ್ಟೇ ನುಂಗಬಲ್ಲದು. ಕೆರೆಯಂಚಿನ ತೆಳುನೀರಿನಲ್ಲಿ ಅದಕ್ಕೆ ಸುಲಭವಾಗಿ ಸಿಗುವುದು ಪಕ್ಕೆಯಂಥ ಚಿಕ್ಕ ಮೀನು ಮತ್ತು ಕಪ್ಪೆ. ನಡುನೀರಿಗೆ ಹೋಗಿ ಬೆಳೆದ ಕಾಟ್ಲಾಕ್ಕೆ ಅದರ ಭಯವಿಲ್ಲ. ನಷ್ಟದ ಲೆಕ್ಕ ಇನ್ನೊಂದು ಕಡೆಗೂ ಇದೆ: ನೈಲಾನ್ ಬಲೆ ಬಂದ ಮೇಲೆ ರಾತ್ರಿಯಿಡೀ ನೀರಿನಲ್ಲಿ ಬಿಟ್ಟ ಬಲೆಗೆ ಸಿಕ್ಕಿ ಉಸಿರುಗಟ್ಟಿ ಸಾಯುವ ಹಾವುಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಹಳೆಯ ಕಾಲದಲ್ಲಿ ಇದರ ಚರ್ಮಕ್ಕೂ ಬೆಲೆಯಿತ್ತು. ಕೇರೆಹಾವಿನ ಜೊತೆಗೆ ಇದರ ತೊಗಲೂ ಪರ್ಸು ಬೆಲ್ಟುಗಳಾಗಿ ಹೊರದೇಶಕ್ಕೆ ಹೋಗುತ್ತಿತ್ತು. 1972ರ ವನ್ಯಜೀವಿ ಕಾಯಿದೆ, 1976ರ ಹಾವುಚರ್ಮ ರಫ್ತು ನಿಷೇಧ, 1984ರಲ್ಲಿ ಭಾರತ ಇದನ್ನು ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಮೂರನೆಯ ಪಟ್ಟಿಗೆ ಸೇರಿಸಿದ್ದು, ಇವೆಲ್ಲ ಆ ವ್ಯಾಪಾರಕ್ಕೆ ಬಿದ್ದ ಬೀಗ. 1987ರಲ್ಲಿ ಕಪ್ಪೆಕಾಲಿನ ರಫ್ತೂ ನಿಂತಿತು. ಅದು ಹಾವಿಗಾಗಿ ಮಾಡಿದ್ದಲ್ಲ, ಆದರೆ ಅದರ ಊಟ ಉಳಿಯಿತು.

ವಿಷವಿಲ್ಲದ ಹಾವಿನ ಬಗ್ಗೆ ಇಷ್ಟು ಮಾತು ಬೇಕೇ, ಕಚ್ಚಿ ಕೊಲ್ಲುವ ಹಾವುಗಳಿರುವಾಗ ಎಂಬ ಪ್ರಶ್ನೆ ಗದ್ದೆಯಲ್ಲಿ ದುಡಿಯುವವರದು, ಅದನ್ನು ಹಗುರಾಗಿ ತಳ್ಳಬಾರದು. ಕರ್ನಾಟಕ 2024ರಲ್ಲಿ ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಈ ಕಡಿತಗಳಲ್ಲಿ ಹೆದರಿಕೆಗೆ ಕಾರಣವಾದ ಹಾವುಗಳು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ನಾಟಿಯ ಹೊತ್ತಿನಲ್ಲಿ ಕಾಲಿಗೆ ಏನು ತಾಗಿತೆಂದು ನೋಡುವಷ್ಟು ಪುರಸೊತ್ತಿಲ್ಲದವಳಿಗೆ ಎಲ್ಲ ಹಾವೂ ಹಾವೇ. ಕಚ್ಚಿದ್ದು ಯಾವುದೆಂದು ತಿಳಿಯದಿದ್ದರೆ ಆಸ್ಪತ್ರೆಗೆ ಹೋಗುವುದೇ ಸರಿ. ಆದರೆ ಹಾವನ್ನು ಗುರುತಿಸುವ ಬಲ್ಮೆ ಹಿಂದೆ ಊರಲ್ಲೇ ಇತ್ತು ಎಂಬುದಕ್ಕೆ ಭಾಷೆಯೇ ಸಾಕ್ಷಿ. ಒಳ್ಳೆ, ಕೇರೆ, ನಾಗರ, ಮಂಡಲ ಎಂದು ಬೇರೆಬೇರೆ ಹೆಸರಿಟ್ಟ ಜನ ಬೇರೆಬೇರೆಯಾಗಿ ನೋಡಿಯೇ ಇಟ್ಟರು. ಹೆಸರುಗಳು ಬಳಕೆಯಿಂದ ಜಾರಿ ಬರೀ ‘ಹಾವು’ ಉಳಿದಷ್ಟೂ ನೀರೊಳ್ಳೆಯ ಆಯುಸ್ಸು ಕಡಿಮೆ.

ಈಗಿನ ಬದಲಾವಣೆ ಅಡಿಕೆಯದು. ಚನ್ನಗಿರಿ ಅಡಿಕೆಯ ಪೇಟೆಯಾಗಿ ಬೆಳೆದಂತೆ ಭತ್ತದ ಗದ್ದೆಗಳು ತೋಟಗಳಾಗಿವೆ, ಹೊನ್ನಾಳಿ ನ್ಯಾಮತಿಗಳಲ್ಲೂ ಅದೇ ದಾರಿ. ರೈತನ ಲೆಕ್ಕ ಸರಿಯಾದದ್ದೇ. ಭತ್ತದ ಬೆಲೆ ನೋಡಿದವರು ಅವನನ್ನು ದೂರಲಾರರು. ಆದರೆ ತೋಟದಲ್ಲಿ ನೀರು ನಿಲ್ಲುವುದಿಲ್ಲ, ನಿಲ್ಲಲೂ ಬಾರದು. ಕೊಳವೆಬಾವಿಯಿಂದ ಬಂದ ನೀರು ಹನಿಹನಿಯಾಗಿ ಬುಡಕ್ಕೆ ಹೋಗುತ್ತದೆ. ಅದರಲ್ಲಿ ಗೊದಮೊಟ್ಟೆ ಬದುಕದು. ಮಣ್ಣಿನ ಕಾಲುವೆಗೆ ಸಿಮೆಂಟು ಹೊದಿಸಿದರೆ ಸೋರಿಕೆ ನಿಲ್ಲುತ್ತದೆ, ಕೊನೆಯ ರೈತನಿಗೆ ನೀರು ತಲುಪುತ್ತದೆ. ಮೊಟ್ಟೆಯಿಡುವ ಬಿಲವೂ ಮುಚ್ಚುತ್ತದೆ. ಹಾವಿಗಾಗಿ ಕಾಲುವೆ ಸೋರಲಿ ಎಂದು ಯಾರೂ ಕೇಳಲಾರರು, ನಾನೂ ಕೇಳುವುದಿಲ್ಲ. ನೀರಿನ ಲೆಕ್ಕ ಬರೆಯುವಾಗ ಸೋರಿದ್ದೆಲ್ಲ ವ್ಯರ್ಥ ಎಂದು ಬರೆಯುವ ರೂಢಿಯನ್ನಷ್ಟೇ ನಾನು ಒಪ್ಪಲಾರೆ. ಸೋರಿದ ನೀರಿನಲ್ಲೇ ಈ ಪ್ರಾಣಿಯ ಚರಿತ್ರೆಯ ಬಹುಭಾಗ ನಡೆದಿದೆ.

ವಾದವನ್ನು ಒರೆಗೆ ಹಚ್ಚಲು ಒಂದು ಜಾಗ ಈಗ ತಾನಾಗಿ ಒದಗಿದೆ. ತುಂಗಭದ್ರೆಯಿಂದ ನೀರೆತ್ತಿ ಚನ್ನಗಿರಿ, ಹೊಳಲ್ಕೆರೆ ಕಡೆಯ ಕೆರೆಗಳನ್ನು ತುಂಬಿಸುವ ಏತ ನೀರಾವರಿ ಯೋಜನೆಗೆ ಸಾಸ್ವೆಹಳ್ಳಿಯದೇ ಹೆಸರು. ಹರಿಹರದ ಕಡೆಯಿಂದ ಜಗಳೂರಿನ 57 ಕೆರೆಗಳಿಗೆ ನೀರು ಹಾಯಿಸುವ ಯೋಜನೆಯೂ ಇದೆ. ಜಗಳೂರು ಕುರುಚಲು ಗುಡ್ಡದ, ಕೊಂಡುಕುರಿಯ ಸೀಮೆ; ರಂಗಯ್ಯನದುರ್ಗದ ಕಾಡನ್ನು ಕಾಪಾಡಿರುವುದು ಆ ನಾಲ್ಕು ಕೊಂಬಿನ ಪ್ರಾಣಿಗಾಗಿ. ಅಲ್ಲಿನ ಕೆರೆಗಳು ವರ್ಷಗಟ್ಟಲೆ ಒಣಗಿ ಜಾಲಿ ಬೆಳೆದು ನಿಂತಿದ್ದವು. ಕೆರೆಯೇ ನೀರೊಳ್ಳೆಯನ್ನು ಸಾಕಿತು ಎನ್ನುವುದು ನಿಜವಾದರೆ, ತುಂಬಿದ ಆ ಕೆರೆಗಳಿಗೆ ಅದು ಬರಬೇಕು. ಒಂದು ತೊಡಕಿದೆ. ಹಳೆಯ ಕೆರೆಗೆ ನೀರು ಹಳ್ಳದ ದಾರಿಯಲ್ಲಿ ಬರುತ್ತಿತ್ತು, ಹಾವೂ ಅದೇ ದಾರಿಯಲ್ಲಿ. ಈಗ ನೀರು ಪಂಪಿನಿಂದ ಹೊರಟು ನೆಲದಡಿಯ ಕೊಳವೆಯಲ್ಲಿ ಬರುತ್ತದೆ. ಮೊದಲು ತಲುಪುವುದು ಕಪ್ಪೆ. ಒಳ್ಳೆಯ ಮಳೆ ಬಿದ್ದ ಒಂದೇ ರಾತ್ರಿಯಲ್ಲಿ ಎಲ್ಲಿದ್ದವೋ ಅಲ್ಲಿಂದ ಎದ್ದು ವಟಗುಟ್ಟತೊಡಗುತ್ತವೆ. ಹಾವು ಹೊಲದ ಬದು ಹಿಡಿದು, ರಸ್ತೆ ದಾಟಿ, ಮೇಲಿನ ಕೆರೆ ಕೋಡಿ ಬೀಳುವ ವರ್ಷಕ್ಕಾಗಿ ಕಾದು ಬರಬೇಕು.